ಖಾಲಿ ಕೈಯ ಕೆಲಸ

ಫೆಬ್ರವರಿ 3, ಸೋಮವಾರ

ನೂರ್ಡ್‌ವೈಕ್. ಡಚ್ ಕರಾವಳಿಯ ಸಣ್ಣ ಊರು. ಸಮುದ್ರದಿಂದ ಎರಡು ಬೀದಿ ಒಳಗೆ, ಮಹಡಿಯ ಮೇಲೊಂದು ಕೋಣೆ. ಬೇಸಿಗೆಯಲ್ಲಿ ಪ್ರವಾಸಿಗರಿಗೆ ಕೊಡುವಂಥದ್ದು. ಕನ್ನಡಿಯ ಸುತ್ತ ಕಪ್ಪೆಚಿಪ್ಪು ಅಂಟಿಸಿದ್ದಾರೆ. ಆಫೀಸಿಗೆ ನಡೆದು ಹೋದರೆ ಇಪ್ಪತ್ತೆರಡು ನಿಮಿಷ. ಆಲ್ಮೆರೆಯ ಮನೆಯಿಂದ ದಿನವೂ ಒಂದೂವರೆ ಗಂಟೆ ಪ್ರಯಾಣ ಮಾಡುತ್ತಿದ್ದವನಿಗೆ ಇದೊಂದು ಅನುಕೂಲ.

ದಿನಚರಿ ಬರೆಯಲು ಹೇಳಿದವರು ಇನೆಕೆ, ಕುಟುಂಬ ಸುರಕ್ಷತೆಯ ಕಚೇರಿಯಿಂದ ನಮ್ಮ ಕೇಸಿಗೆ ನೇಮಕವಾದ ಮಹಿಳೆ. ‘ಯಾರಿಗೂ ತೋರಿಸಬೇಕಾಗಿಲ್ಲ, ನನಗೂ ಬೇಡ’ ಎಂದರು. ಕನ್ನಡದಲ್ಲಿ ಬರೆದರೆ ಅವರು ಹೇಗೂ ಓದಲಾರರು.

ನಡೆದದ್ದು ಇಷ್ಟು. ಕಳೆದ ಮಂಗಳವಾರ ಸಂಜೆ ಮಗಳು ಸಮೀಕ್ಷಾಳ ಶಾಲೆಯಿಂದ ಬಂದ ಪತ್ರವೊಂದು ಅವಳ ಮೇಜಿನ ಖಾನೆಯಲ್ಲಿ ಸಿಕ್ಕಿತು. ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳ ವಿಭಾಗದಿಂದ ಅವಳನ್ನು ಒಂದು ಮೆಟ್ಟಿಲು ಕೆಳಗಿನ ‘ಹಾವೊ’ಗೆ ಇಳಿಸುತ್ತೇವೆಂಬ ಸೂಚನೆ. ಪತ್ರ ಬಂದು ಮೂರು ವಾರವಾಗಿತ್ತು. ಕೇಳಿದಾಗ ಸುಳ್ಳು ಹೇಳಿದಳು. ಅವಳಿಗೆ ಹದಿನಾಲ್ಕು, ಸುಳ್ಳಿನ ಪರಿಣಾಮ ತಿಳಿಯದ ವಯಸ್ಸಲ್ಲ. ನಾನು ಆಗಷ್ಟೇ ಬ್ಯಾಡ್ಮಿಂಟನ್ ಮುಗಿಸಿ ಬಂದಿದ್ದೆ, ರ‍್ಯಾಕೆಟ್ ಕೈಯಲ್ಲಿತ್ತು. ಏಟು ಬಿತ್ತು. ಎಡಗೈ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ರ‍್ಯಾಕೆಟ್ಟಿನ ತೂಕ ಎಂಬತ್ತೈದು ಗ್ರಾಂ. ಅಷ್ಟರಿಂದ ಮೂಳೆ ಬಿರುಕು ಬಿಡುವುದು ನನ್ನ ಲೆಕ್ಕಕ್ಕೆ ಸಿಗುವುದಿಲ್ಲ.

ಶಾಲೆಯವರು ತಿಳಿಸಬೇಕಾದಲ್ಲಿಗೆ ತಿಳಿಸಿದರು. ಗುರುವಾರ ಇಬ್ಬರು ಪೊಲೀಸರು ಬಂದರು. ಹತ್ತು ದಿನ ಮನೆಗೆ ಕಾಲಿಡುವಂತಿಲ್ಲ, ಹೆಂಡತಿಗಾಗಲಿ ಮಗಳಿಗಾಗಲಿ ಫೋನ್ ಮಾಡುವಂತಿಲ್ಲ ಎಂಬ ಆಜ್ಞೆ, ಕೆಳಗೆ ಮೇಯರ್ ಹೆಸರು. ಹೆಂಡತಿ ನಾಗಮಣಿ ಸೂಟ್‌ಕೇಸ್ ತುಂಬಿಕೊಟ್ಟಳು.

ಮೈಸೂರಿನಲ್ಲಿ ಇಷ್ಟಕ್ಕೆಲ್ಲ ಪೊಲೀಸರು ಬರುವುದಿಲ್ಲ.

ಫೆಬ್ರವರಿ 8, ಶನಿವಾರ

ಆಜ್ಞೆಯನ್ನು ಇಪ್ಪತ್ತೆಂಟು ದಿನಕ್ಕೆ ವಿಸ್ತರಿಸಿದ್ದಾರೆ. ಇನೆಕೆ ಫೋನ್‌ನಲ್ಲಿ, ‘ಇದಕ್ಕೆ ಮುಂಚೆ ಯಾವತ್ತಾದರೂ ಹೀಗೆ ಆಗಿತ್ತೇ?’ ಎಂದು ಕೇಳಿದರು. ಇಲ್ಲ, ಇದೇ ಮೊದಲು ಎಂದೆ. ಬರೆದುಕೊಂಡರು.

ಅನ್ನ, ಮೊಸರು. ಗಾಳಿ.

ಫೆಬ್ರವರಿ 12, ಬುಧವಾರ

ಚರಣ್ ಬಲವಂತ ಮಾಡಿದ. ದಾವಣಗೆರೆಯವನು, ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ. ವಾರಕ್ಕೆ ಮೂರು ದಿನ ನಮ್ಮ ಕಂಪನ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕೆಲಸದ ಒತ್ತಡಕ್ಕೆ ಇಲ್ಲೇ ಕೋಣೆ ಹಿಡಿದಿದ್ದೇನೆ ಎಂದು ಅವನಿಗೆ ಹೇಳಿದ್ದೆ.

“ಸಂಜೆ ಹೊತ್ತು ಒಬ್ರೇ ಏನ್ ಮಾಡ್ತೀರ ಸರ್? ಬನ್ನಿ, ಸ್ಟಿಕ್ ಫೈಟಿಂಗ್ ಕ್ಲಾಸಿಗೆ. ಏಳರಿಂದ ಎಂಟು, ಒಂದೇ ಅವರ್.”

ಶಾಲೆಯೊಂದರ ಜಿಮ್. ಒಂಬತ್ತು ಜನ. ಕಲಿಸುವವರು ಎರ್ನಿ ಎಂಬ ಅರವತ್ತೆಂಟರ ಮನುಷ್ಯ, ಫಿಲಿಪೀನ್ಸ್‌ನ ಸೆಬು ದ್ವೀಪದವರು. ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿದ್ದು, ರೋಟರ್‌ಡ್ಯಾಮ್‌ನಲ್ಲಿ ಇಳಿದವರು ಇಲ್ಲೇ ಉಳಿದರು. ಎಲ್ಲರೂ ಅವರನ್ನು ‘ನೊಂಗ್’ ಎನ್ನುತ್ತಾರೆ; ಅವರ ಕಡೆ ಅಣ್ಣ ಎಂದರ್ಥವಂತೆ.

ಅವರ ದೇಶದ ಕೋಲುವಿದ್ಯೆಯಲ್ಲಿ ಎರಡು ಕೋಲು ಹಿಡಿಯುವ ಪದ್ಧತಿಗಳೂ ಇವೆ. ಇವರದು ಒಂದೇ ಕೋಲಿನದು. ಬಲಗೈಯಲ್ಲಿ ಒಂದೂವರೆ ಮೊಳದ ಬೆತ್ತ, ಎಡಗೈ ಖಾಲಿ. ಇಬ್ಬರು ಕೈಗೆಟಕುವಷ್ಟು ಹತ್ತಿರ ಎದುರುಬದುರು ನಿಲ್ಲಬೇಕು. ಹನ್ನೆರಡು ಏಟುಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆ ಇದೆ. ಕ್ರಮಬದ್ಧವಾಗಿದೆ, ಇಷ್ಟವಾಯಿತು.

ಎಡಗೈಗೆ ಏನು ಕೆಲಸ ಎಂದು ಕೇಳಿದೆ. ನೊಂಗ್ ತಮ್ಮ ಎಡ ಅಂಗೈಯನ್ನು ನನ್ನ ಬಲ ಮಣಿಕಟ್ಟಿನ ಮೇಲಿಟ್ಟು, “ಹೊಡಿ” ಎಂದರು. ಕೋಲು ಎತ್ತಲಾಗಲಿಲ್ಲ. ಅವರು ಒತ್ತಿರಲೇ ಇಲ್ಲ, ಸುಮ್ಮನೆ ಇಟ್ಟಿದ್ದರು.

“ಇದೇ ಕೆಲಸ. ಬಲಗೈಗೆ ನಾನು ಹೆಚ್ಚೇನೂ ಕಲಿಸಬೇಕಾಗಿಲ್ಲ” ಎಂದರು.

ಫೆಬ್ರವರಿ 19, ಬುಧವಾರ

ಒಂದರಿಂದ ಹನ್ನೆರಡು ಬಾಯಿಪಾಠವಾಗಿದೆ. ನೊಂಗ್ ನನ್ನ ಬಲಗೈ ಚುರುಕು ಎಂದರು. ಎಡಗೈ ಸೊಂಟದ ಹತ್ತಿರ ಸತ್ತಂತೆ ಬಿದ್ದಿರುತ್ತದಂತೆ.

ಫೆಬ್ರವರಿ 26, ಬುಧವಾರ

ಇಂದು ಸಣ್ಣ ಅಚಾತುರ್ಯ. ಚರಣ್ ಜೊತೆ ಅಭ್ಯಾಸ. ಅವನ ಕೋಲು ಮೂರು ಸಲ ನನ್ನ ಕಿವಿಯ ಹತ್ತಿರ ಬಂದು ನಿಂತಿತು. ಪ್ರತಿ ಸಲವೂ ನಕ್ಕ. “ಸತ್ರಿ ಸರ್ ನೀವು.” ಪಕ್ಕದಲ್ಲಿದ್ದ ಮಾರ್ಲೂಸ್ ಕೂಡ ನಕ್ಕಳು, ಅಂಚೆ ಕಚೇರಿಯಿಂದ ನಿವೃತ್ತಳಾದ ಹೆಂಗಸು, ನನಗಿಂತ ಹದಿನೈದು ವರ್ಷ ದೊಡ್ಡವಳು. ನೊಂಗ್ ‘ನಿಲ್ಲಿಸು’ ಎಂದರು. ಚರಣ್ ಕೋಲು ಇಳಿಸಿದ. ಆಮೇಲೆ ಅವನ ಬೆರಳ ಗೆಣ್ಣುಗಳ ಮೇಲೆ ಏಟು ಬಿತ್ತು.

“ನಾನು ನಿಲ್ಲಿಸು ಅಂದಮೇಲೆ ನೀನು ಹೊಡೆದೆ” ಎಂದರು ನೊಂಗ್.

“ನನಗೆ ಕೇಳಿಸಲಿಲ್ಲ.”

“ಕೇಳಿಸಿತು.”

ಅಷ್ಟು ಹೇಳಿ ಚರಣ್‌ನನ್ನು ನಲ್ಲಿಯ ಹತ್ತಿರ ಕರೆದೊಯ್ದರು. ಜಿಮ್‌ನಲ್ಲಿ ಗದ್ದಲವಿತ್ತು. ಒಂಬತ್ತು ಕೋಲುಗಳ ಸದ್ದು. ಯಾರಿಗೇ ಆದರೂ ಕೇಳಿಸುವುದು ಕಷ್ಟ. ತಣ್ಣೀರು ಬಿಟ್ಟರೆ ಊತ ಇಳಿಯುತ್ತದೆ.

ಫೆಬ್ರವರಿ 28, ಶುಕ್ರವಾರ

ನಿನ್ನೆಗೆ ಇಪ್ಪತ್ತೆಂಟು ದಿನ ಮುಗಿಯಿತು. ಬೆಳಗ್ಗೆ ನಾಗಮಣಿಯೇ ಫೋನ್ ಮಾಡಿದಳು.

“ಬೆಚ್ಚಗಿನ ಬಟ್ಟೆ ಸಾಕಾ?”

“ಸಾಕು. ನಾಳೆ ಬೆಳಗ್ಗೆ ಹೊರಟು ಬರ್ತೀನಿ.”

“ಬರ್ಬೇಡಿ.”

“ಟೈಮ್ ಮುಗೀತಲ್ಲ.”

“ಅವರ ಪೇಪರ್ ಪ್ರಕಾರ ಮುಗೀತು. ಈಗ ನಾನು ಹೇಳ್ತಿದೀನಿ, ಬೇಡ.”

ಎಷ್ಟು ದಿನ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಆಮೇಲೆ ಹೇಳಿದಳು: “ಇವ್ಳು ಈಗ ರೂಮಿನ ಬಾಗಿಲು ತೆಗೆದಿಟ್ಟು ಮಲಗ್ತಾಳೆ. ನಾಲ್ಕು ವರ್ಷದಿಂದ ಚಿಲಕ ಹಾಕ್ಕೊಂಡೇ ಮಲಗ್ತಿದ್ಲು. ನಾನು ವಯಸ್ಸು ಅಂದ್ಕೊಂಡಿದ್ದೆ, ಕಣ್ರೀ.”

ನಾಗಮಣಿ ವಿಷಯವನ್ನು ದೊಡ್ಡದು ಮಾಡುತ್ತಿದ್ದಾಳೆ. ಆ ವಯಸ್ಸಿನ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ.

ಕೋಣೆಯನ್ನು ಮೇ ಕೊನೆಯವರೆಗೆ ಮುಂದುವರಿಸಿದೆ.

ಮಾರ್ಚ್ 5, ಬುಧವಾರ

ಚರಣ್ ಕ್ಲಾಸಿಗೆ ಬರಲಿಲ್ಲ. ಲ್ಯಾಬಿಗೂ ಈ ವಾರ ಬಂದಿಲ್ಲ.

ನೊಂಗ್ ನನ್ನನ್ನು ಯಾರ ಜೊತೆಗೂ ನಿಲ್ಲಿಸಲಿಲ್ಲ. ಗೋಡೆಯ ಮರದ ಸರಳಿಗೆ ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಪತ್ರಿಕೆಯ ಒಂದು ಹಾಳೆಯನ್ನು ಕ್ಲಿಪ್ ಹಾಕಿ ತೂಗುಬಿಟ್ಟರು. ಪೂರ್ತಿ ವೇಗದಲ್ಲಿ ಬೀಸಬೇಕು, ಹಾಳೆ ಮುಟ್ಟುವ ಮೊದಲು ನಿಲ್ಲಿಸಬೇಕು. ತಾವೊಮ್ಮೆ ಮಾಡಿ ತೋರಿಸಿದರು. ಗಾಳಿಗೆ ಹಾಳೆ ಒಳಗೆ ಬಾಗಿ ಮತ್ತೆ ಸುಮ್ಮನಾಯಿತು.

ಮೂವತ್ತೆರಡು ಹಾಳೆಗಳು ಹರಿದವು. ಗುಡಿಸಿ ಹೋಗು ಎಂದರು.

ಕಂಪನ ಯಂತ್ರದ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಹಿಡಿದಿಡುವುದು ನನ್ನ ಉದ್ಯೋಗ. ಇದು ಆಗಬೇಕಿತ್ತು.

ಮಾರ್ಚ್ 12, ಬುಧವಾರ

ಚರಣ್ ಬಂದಿದ್ದ. ನಡುಬೆರಳು, ಉಂಗುರದ ಬೆರಳು ಎರಡನ್ನೂ ಸೇರಿಸಿ ಟೇಪ್ ಸುತ್ತಿದ್ದಾನೆ. “ಪರವಾಗಿಲ್ಲ ಸರ್” ಎಂದ, ನಾನು ಕೇಳುವ ಮೊದಲೇ.

ನೊಂಗ್ ನಮ್ಮಿಬ್ಬರನ್ನೇ ಜೋಡಿ ಮಾಡಿದರು. ನಾನು ನಿಧಾನವಾಗಿ ಒಂದನೇ ಏಟು ಕೊಡಬೇಕು, ಅವನು ತಡೆಯಬೇಕು. ಒಂದು ವಿಷಯ ಗಮನಿಸಿದೆ: ನನ್ನ ಕೋಲು ಹೊರಡುವ ಮೊದಲೇ ಅವನ ಕಣ್ಣು ಮುಚ್ಚಿಕೊಳ್ಳುತ್ತದೆ. ಮಾರ್ಲೂಸ್ ಜೊತೆ ಹಾಗಾಗುವುದಿಲ್ಲ. ನೊಂಗ್ ಜೊತೆಯೂ ಇಲ್ಲ, ಅವರು ನನಗಿಂತ ಎಷ್ಟೋ ಜೋರಾಗಿ ಬೀಸುತ್ತಾರೆ.

ಖಚಿತಪಡಿಸಿಕೊಳ್ಳಲು ಎಣಿಸಿದೆ. ಇಪ್ಪತ್ತಕ್ಕೆ ಹದಿನೇಳು.

ಮಾರ್ಚ್ 13, ಗುರುವಾರ

ಲ್ಯಾಬಿನಲ್ಲಿ ಸೆನ್ಸರ್‌ಗಳನ್ನು ಅಂಟಿಸುತ್ತಿದ್ದಾಗ ರಾಗಿ ಹಿಟ್ಟಿನ ಡಬ್ಬ ನೆನಪಾಯಿತು. ಸಮೀಕ್ಷಾಗೆ ಆಗ ಎಂಟು ವರ್ಷ. ಬೆಳಗಿನ ತಿಂಡಿಗೆ ಕೂತಿದ್ದಳು. ಅವಳ ಹಿಂದಿನ ಶೆಲ್ಫಿನಿಂದ ಡಬ್ಬ ತೆಗೆಯಲು ಕೈಯೆತ್ತಿದೆ. ಅವಳು ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಲೋಟ ಉರುಳಿ ಹಾಲು ಚೆಲ್ಲಿತು.

ಹಾಲು ಚೆಲ್ಲಿದ್ದಕ್ಕೆ ಬೈದೆ.

ಮಾರ್ಚ್ 15, ಶನಿವಾರ

ದಂಡೆಯ ಮೇಲೆ ಪಕ್ಕದೂರು ಕಾಟ್‌ವೈಕ್ ತನಕ ನಡೆದು ವಾಪಸ್ ಬಂದೆ. ಹಿಂದಿನ ಸಲಗಳನ್ನು ಎಣಿಸುತ್ತ ಹೋದೆ. ಗುಣಾಕಾರದ ಮಗ್ಗಿ, ಅವಳಿಗೆ ಆರು ವರ್ಷವಿದ್ದಾಗ. ಈಜಿನ ತರಗತಿಯಿಂದ ಓಡಿ ಬಂದ ದಿನ. ಕಾರಿನಲ್ಲಿ, ಬ್ರಸೆಲ್ಸ್‌ನಿಂದ ಬರುವಾಗ. ಹನ್ನೊಂದಾಯಿತು.

ಇದೇ ಮೊದಲು ಎಂದು ಇನೆಕೆಗೆ ಹೇಳಿದ್ದು ಸರಿಯಲ್ಲ. ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಬೇಕು.

ಮಾರ್ಚ್ 17, ಸೋಮವಾರ

ಇನೆಕೆಗೆ ಫೋನ್ ಮಾಡಿ ಹೇಳಿದೆ. ಅವರು ಬಹಳ ಹೊತ್ತು ಬರೆದುಕೊಂಡರು. ‘ಇದು ಫೈಲಿಗೆ ಹೋಗುತ್ತದೆ, ನಿಮಗೆ ಗೊತ್ತಲ್ಲ?’ ಎಂದು ಕೇಳಿದರು. ಗೊತ್ತು ಎಂದೆ. ಹೆತ್ತವರಿಗೆಂದು ನಡೆಸುವ ಸೋಮವಾರದ ಗುಂಪಿಗೆ ಹೆಸರು ಬರೆಸಿದರು.

ಮಾರ್ಚ್ 23, ಭಾನುವಾರ

ಎಂಟು ವಾರದ ನಂತರ ಸಮೀಕ್ಷಾಳನ್ನು ನೋಡಿದೆ. ಆಲ್ಮೆರೆಯ ಲೈಬ್ರರಿಯ ಕೆಫೆ. ಪಕ್ಕದ ಮೇಜಿನಲ್ಲಿ ಇನೆಕೆ. ಪ್ಲಾಸ್ಟರ್ ತೆಗೆದಿದ್ದಾರೆ. ಆ ಕೈ ಇನ್ನೊಂದಕ್ಕಿಂತ ತೆಳ್ಳಗೆ ಕಾಣುತ್ತದೆ. ಕೂದಲು ಭುಜದ ತನಕ ಕತ್ತರಿಸಿಕೊಂಡಿದ್ದಾಳೆ.

“ಕೈ ಹೇಗಿದೆ?”

“ಫೈನ್.”

“ಹಾಕಿ ಶುರು ಆಯ್ತಾ?”

“ನಾಟ್ ಯೆಟ್. ಮೇನಲ್ಲಿ.”

ಬಿಸಿ ಚಾಕೊಲೇಟ್ ಮೇಲಿನ ಕೆನೆಯನ್ನು ಚಮಚದಲ್ಲಿ ಒಂದು ಕಡೆಗೆ ಸರಿಸುತ್ತಲೇ ಇದ್ದಳು, ಕುಡಿಯಲಿಲ್ಲ. ಶಾಲೆಯ ಮಾತು ಎತ್ತಬಾರದು ಎಂದು ರೈಲಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಎತ್ತಿದೆ. ಗಣಿತಕ್ಕೆ ಟ್ಯೂಷನ್ ಬೇಕಾದರೆ ಎಂದು ಶುರು ಮಾಡಿದ ಕೂಡಲೆ ಅವಳು ಚಮಚ ಕೆಳಗಿಟ್ಟಳು. ಹೋಗಲಾ ಎಂದು ಡಚ್‌ನಲ್ಲಿ ಕೇಳಿದಳು, ನನ್ನನ್ನಲ್ಲ, ಇನೆಕೆಯನ್ನು.

ಒಟ್ಟು ಹದಿನೆಂಟು ನಿಮಿಷ.

ಏಪ್ರಿಲ್ 2, ಬುಧವಾರ

ಕ್ಲಾಸು. ಹಾಳೆ. ಒಂಬತ್ತು ಹರಿದೆ. ಹತ್ತನೆಯದು ಹರಿಯಲಿಲ್ಲ. ನೊಂಗ್ ನೋಡುತ್ತಿರಬಹುದೆಂದು ತಿರುಗಿದೆ. ಅವರು ಮಾರ್ಲೂಸಳ ಷೂ ದಾರ ಬಿಚ್ಚಿಹೋಗಿದ್ದನ್ನು ತೋರಿಸುತ್ತಿದ್ದರು.

ಏಪ್ರಿಲ್ 9, ಬುಧವಾರ

ಕ್ಲಾಸು ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ ಚರಣ್‌ಗೆ ಹೇಳಿದೆ. ಇನ್ನೂ ಬೆಳಕಿತ್ತು. ಆ ದಿನ ನೊಂಗ್ ನಿಲ್ಲಿಸು ಅಂದಿದ್ದು ನನಗೆ ಕೇಳಿಸಿತ್ತು ಎಂದೆ. ಕೆಲಸದ ಒತ್ತಡಕ್ಕಲ್ಲ, ಮನೆಯಿಂದ ಹೊರಗೆ ಹಾಕಿದ್ದಕ್ಕೆ ಇಲ್ಲಿದ್ದೇನೆ ಎಂದೆ. ಯಾಕೆ ಎಂಬುದನ್ನೂ ಹೇಳಿದೆ.

ಅವನು ತನ್ನ ಟೇಪ್ ಸುತ್ತಿದ್ದ ಬೆರಳನ್ನೇ ನೋಡುತ್ತಿದ್ದ.

“ಯಾಕ್ ಸರ್ ನಂಗೆ ಹೇಳ್ತಿದೀರ?”

“ನಿನಗೂ ಹೊಡೆದಿದ್ದೀನಲ್ಲ.”

“ನಾನು ಏನ್ ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ.”

“ಏನೂ ಹೇಳ್ಬೇಡ.”

ಬಸ್ ಬಂತು. ಅವನು ಹತ್ತಿ ಹಿಂದಿನ ಸೀಟಿಗೆ ಹೋಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡ. ನಾನು ಹತ್ತಲಿಲ್ಲ, ನಡೆದು ಬಂದೆ.

ಏಪ್ರಿಲ್ 16, ಬುಧವಾರ

ಚರಣ್ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದ. ನೇರ ನನ್ನೆದುರಿಗೆ ಬಂದು ನಿಂತ.

“ಇವತ್ತು ನಾನು ಹೊಡೀತೀನಿ ಸರ್. ನಿಮಗೆ ಕೋಲು ಬೇಡ. ಬರೀ ಎಡಗೈ.”

ನೊಂಗ್ ಕೇಳಿಸಿಕೊಂಡರು, ಬೇಡ ಎನ್ನಲಿಲ್ಲ. ನನ್ನ ಬೆತ್ತವನ್ನು ಗೋಡೆಗೆ ಒರಗಿಸಿಟ್ಟೆ. ಬರಿಗೈಯಲ್ಲಿ ಎದುರಿಗೆ ನಿಂತಾಗ ಬೆತ್ತ ಬೇರೆಯೇ ಥರ ಕಾಣುತ್ತದೆ. ಕೋಲನ್ನು ನೋಡಿದರೆ ತಡವಾಗುತ್ತದೆ, ಹೊಡೆಯುವವನ ಭುಜವನ್ನು ನೋಡಬೇಕು. ಭುಜ ನೋಡಿ, ಏಟು ಹುಟ್ಟುವ ಮೊದಲೇ ಅವನ ಮಣಿಕಟ್ಟಿನ ಮೇಲೆ ಕೈ ಇಡಬೇಕು. ಅರ್ಧ ಗಂಟೆ ನಡೆಯಿತು. ಹದಿನಾಲ್ಕು ನನಗೆ ಬಿದ್ದವು, ಹೆಚ್ಚಿನವು ಮುಂಗೈಗೆ.

“ನೋವಾಯ್ತಾ?” ಎಂದು ಕೇಳಿದ.

“ಆಯ್ತು.”

“ಹೂಂ” ಎಂದ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತ.

ಸಮೀಕ್ಷಾಗೆ ಆರು ವರ್ಷವಿದ್ದಾಗ ಅವಳು ನನ್ನ ಸೊಂಟದಷ್ಟು ಎತ್ತರವಿದ್ದಳು. ನನ್ನ ಭುಜವನ್ನು ನೋಡಬೇಕಾದರೆ ತಲೆ ಎತ್ತಬೇಕಾಗುತ್ತಿತ್ತು.

ಏಪ್ರಿಲ್ 24, ಗುರುವಾರ

ಆಲ್ಮೆರೆ. ಇನೆಕೆಯ ಕಚೇರಿ. ನಾಗಮಣಿ, ಸಮೀಕ್ಷಾ, ನಾನು. ಸೋಮವಾರದ ಗುಂಪಿನಿಂದ ಒಳ್ಳೆಯ ವರದಿ ಬಂದಿದೆ, ನಾನು ಮನೆಗೆ ಮರಳುವುದಕ್ಕೆ ತಮ್ಮ ಕಡೆಯಿಂದ ಆಕ್ಷೇಪವಿಲ್ಲ ಎಂದು ಇನೆಕೆ ಹೇಳಿದರು. ಮನೆಯವರು ಏನನ್ನುತ್ತಾರೆ ಎಂದು ಕೇಳಿದರು.

ನಾಗಮಣಿ, “ಅವಳು ಹೇಳಿದ ಹಾಗೆ” ಎಂದಳು.

ಸಮೀಕ್ಷಾ ಸ್ವೆಟರ್ ತೋಳನ್ನು ಎಡಗೈಯ ಬೆರಳ ತುದಿಯ ತನಕ ಎಳೆದುಕೊಂಡಳು. ಭುಜಗಳು ಕಿವಿಯ ಹತ್ತಿರ ಬಂದವು. “ಇಟ್ಸ್ ಓಕೆ. ಬರ್ಲಿ” ಎಂದಳು, ಮೇಜಿಗೆ.

ಹನ್ನೆರಡು ವಾರದಿಂದ ಕಾದಿದ್ದ ಮಾತು ಅದು. ನನ್ನ ಸರದಿ ಬಂತು. ಇನೆಕೆಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಸಮೀಕ್ಷಾಳಿಗೆ ರ‍್ಯಾಕೆಟ್ಟಿನಿಂದ ಮೂರು ಸಲ ಹೊಡೆದೆ. ಮೊದಲನೆಯದು ಬೆನ್ನಿಗೆ. ಎರಡನೆಯದಕ್ಕೆ ಅವಳು ಎಡಗೈ ಅಡ್ಡ ಹಿಡಿದಳು. ಆ ಕೈಗೆ ಹೊಡೆದೆ. ಅವಳು ಕೈ ತೆಗೆಯಲಿಲ್ಲ, ಅಲ್ಲಿಗೇ ಮತ್ತೆ ಹೊಡೆದೆ. ಪತ್ರ ಮುಚ್ಚಿಟ್ಟಿದ್ದು ಕಾರಣವಲ್ಲ. ಪತ್ರವಿಲ್ಲದ ದಿನವೂ ಹೊಡೆದಿದ್ದೇನೆ. ನಾನು ಈಗ ಮನೆಗೆ ಬರುವುದಿಲ್ಲ. ಅವಳು ಬರಲಿ ಎಂದದ್ದು ನಾನು ಎದುರಿಗೆ ಕೂತಿರುವುದರಿಂದ.

ನಾಗಮಣಿ ಎದ್ದು ಹೊರಗಿನ ನೀರಿನ ಯಂತ್ರದ ಹತ್ತಿರ ಹೋದಳು. ಬಹಳ ಹೊತ್ತು ಅಲ್ಲೇ ಬೆನ್ನು ಮಾಡಿ ನಿಂತಿದ್ದಳು. ಲೋಟಕ್ಕೆ ನೀರು ಬೀಳುವ ಸದ್ದು ಬರಲಿಲ್ಲ.

ಸಮೀಕ್ಷಾ ನನ್ನನ್ನು ನೋಡಿದಳು.

“ಯಾವ್ಯಾವ್ದು ನೆನಪಿದೆ ನಿಂಗೆ?”

ಹನ್ನೊಂದನ್ನೂ ಹೇಳಿದೆ, ಕನ್ನಡದಲ್ಲಿ. ಇನೆಕೆ ತಡೆಯಲಿಲ್ಲ. ಸಮೀಕ್ಷಾ ಕೆಲವಕ್ಕೆ ತಲೆಯಾಡಿಸಿದಳು. ಎರಡು ಅವಳಿಗೆ ನೆನಪಿರಲಿಲ್ಲ.

“ಇನ್ನೊಂದಿದೆ” ಎಂದಳು. “ಸ್ಖಿಪೋಲ್ ಏರ್‌ಪೋರ್ಟ್‌ನಲ್ಲಿ. ಪಾಸ್‌ಪೋರ್ಟ್ ಬ್ಯಾಗ್ ನಾನು ಟಾಯ್ಲೆಟ್‌ನಲ್ಲಿ ಮರ್ತಾಗ. ಎಲ್ರೂ ನೋಡ್ತಿದ್ರು.”

ನೆನಪಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

“ನಂಗೆ ನೆನಪಿಲ್ಲ” ಎಂದೆ.

“ನಂಗಿದೆ.”

ಹೊರಡುವಾಗ ಲಿಫ್ಟಿನ ಹತ್ತಿರ, ನನ್ನಿಂದ ಎರಡು ಮಾರು ದೂರದಲ್ಲಿ ನಿಂತು ಹೇಳಿದಳು: “ಮೇ ಹತ್ತಕ್ಕೆ ಮ್ಯಾಚ್ ಇದೆ. ಬೇಕಾದ್ರೆ ಬಾ. ಆದ್ರೆ ಅಮ್ಮನ ಕಡೆ ಬೇಡ. ಅದರ್ ಸೈಡ್‌ನಲ್ಲಿ ನಿಂತ್ಕೋ.”

ಏಪ್ರಿಲ್ 30, ಬುಧವಾರ

ಕ್ಲಾಸು. ಹಾಳೆಯ ಅಭ್ಯಾಸ ಮಾಡಲಿಲ್ಲ, ಹೊಸಬರು ಮೂವರು ಬಂದಿದ್ದಾರೆ. ನೊಂಗ್ ನನ್ನನ್ನು ಅವರಿಗೆ ಏಟು ಕೊಡಲು ನಿಲ್ಲಿಸಿದರು. ಮೂವರಲ್ಲಿ ಒಬ್ಬಳಿಗೆ ಕೋಲೆಂದರೆ ಬಹಳ ಭಯ. ಅವಳಿಗಾಗಿ ಒಂದು ಹೆಜ್ಜೆ ಹಿಂದೆ ನಿಂತೆ.

ಮೇ 10, ಶನಿವಾರ

ಬಿಸಿಲು. ಮೈದಾನದ ಆ ಬದಿಯಲ್ಲಿ ಕ್ಲಬ್ಬಿನ ಮನೆ, ಬೆಂಚುಗಳು, ಹೆತ್ತವರು, ನಾಗಮಣಿ. ಈ ಬದಿಯಲ್ಲಿ ಬೇಲಿ, ನೀರಿನ ಕಾಲುವೆ, ನಾನು.

ಸಮೀಕ್ಷಾ ಎಡ ಅಂಚಿನಲ್ಲಿ ಆಡುತ್ತಾಳೆ. ಮೊದಲರ್ಧದಲ್ಲಿ ಅದು ಆ ಬದಿಗಿತ್ತು. ನಾನು ಅವಳ ಬೆನ್ನಿನ ಮೇಲಿನ ಏಳು ಎಂಬ ಅಂಕಿಯನ್ನಷ್ಟೇ ನೋಡಿದೆ. ವಿರಾಮದ ನಂತರ ತಂಡಗಳು ದಿಕ್ಕು ಬದಲಿಸುತ್ತವೆಂಬುದು ನನಗೆ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಕ್ಕಿಲ್ಲ. ಇದ್ದಕ್ಕಿದ್ದಂತೆ ಅವಳು ನನ್ನೆದುರಿನ ಗೆರೆಯ ಮೇಲೇ ಓಡುತ್ತಿದ್ದಳು. ಉಸಿರು ಕೇಳಿಸುತ್ತಿತ್ತು. ಬೇಲಿಗೆ ಬೆನ್ನು ತಾಗುವ ತನಕ ಹಿಂದೆ ಸರಿದೆ. ಅವಳು ಒಮ್ಮೆ ನೋಡಿದಳು, ಮತ್ತೆ ಚೆಂಡಿನ ಹಿಂದೆ ಹೋದಳು. ಎಡಗೈಯಿಂದ ಸ್ಟಿಕ್ಕಿನ ತುದಿ ಹಿಡಿಯುವಾಗ ಒಂದೆರಡು ಸಲ ಕೈ ಕೊಡವಿದಳು.

ಸೋತರು, ಮೂರು ಒಂದು. ಆ ಒಂದು ಅವಳದಲ್ಲ.

ಆಟ ಮುಗಿದ ಮೇಲೆ ಹುಡುಗಿಯರು ಆ ಬದಿಗೆ ಹೋದರು. ನಾಗಮಣಿ ಡಬ್ಬಿಯಿಂದ ಕಿತ್ತಳೆ ಹೋಳು ಹಂಚುತ್ತಿದ್ದಳು. ಗೇಟು ಇರುವುದು ಆ ಬದಿಯಲ್ಲೇ, ಆದ್ದರಿಂದ ಎಲ್ಲರೂ ಹೋಗಲಿ ಎಂದು ನಿಂತಿದ್ದೆ. ಸಮೀಕ್ಷಾ ಎರಡು ಹೋಳು ಹಿಡಿದು ಮೈದಾನಕ್ಕೆ ಇಳಿದಳು. ನಡುಗೆರೆಯ ತನಕ ಬಂದು ನಿಂತಳು. ಒಂದನ್ನು ತಿಂದಳು. ಕೈಬೀಸಿ ಕರೆಯಲಿಲ್ಲ, ಮುಂದೆಯೂ ಬರಲಿಲ್ಲ.

“ಅಲ್ಲಿಗೆ ಬರ್ಲಾ?” ಎಂದು ಕೂಗಿ ಕೇಳಿದೆ.

ಅವಳು ಯೋಚಿಸಿದಳು. ಅವಳಮ್ಮ ಡಬ್ಬಿ ಹಿಡಿದು ನಮ್ಮನ್ನೇ ನೋಡುತ್ತಿದ್ದಳು.

“ಬಾ” ಎಂದಳು ಸಮೀಕ್ಷಾ. “ನಿಧಾನಕ್ಕೆ.”

ನಿಧಾನಕ್ಕೆ ಹೋದೆ.